‘ನಡಿ’ ಅಂದರೆ ನಡೆಯುವ ಕುದುರೆ

ತಾರೀಕು ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯದೆ ಕೂತವಳು ನಾನು. ಎಷ್ಟು ಬೇಕೋ ಅಷ್ಟು ಬಯ್ಯಿ. ಲಾಯದಲ್ಲಿ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು. ಆದರೆ ಲದ್ದಿ ಬಾಚುವವಳಿಗೆ ಎರಡು ಸಾಲು ಗೀಚಲು ಪುರಸೊತ್ತಿಲ್ಲವೇನೇ ಎಂದು ನೀನೇ ಕೇಳುತ್ತೀಯ. ಬರೆಯಲು ಕೈ ಬರಲಿಲ್ಲ, ಅಷ್ಟೆ.

ನೀನು ಅಷ್ಟು ದೂರದ ಆಸ್ಪತ್ರೆಯಲ್ಲಿ ಪಾಳಿ ಮೇಲೆ ಪಾಳಿ ಮಾಡುತ್ತ ನನ್ನ ಮಡಿಲಿಗೆ ಹಾಕಿಹೋದ ನಿನ್ನ ಮಗಳು ಗುಬ್ಬಿ ಉಣ್ಣುತ್ತಾಳೆ, ಮಲಗುತ್ತಾಳೆ. ಗಾಲಿಕುರ್ಚಿಯ ಬೆಲ್ಟು ಬಿಗಿಯಾಗಿತ್ತು, ಎರಡು ತೂತು ಸಡಿಲಿಸಿದೆ. ಅವಳನ್ನು ವಾರಕ್ಕೆರಡು ಸಲ ಹೊತ್ತು ತಿರುಗುತ್ತಿದ್ದ ನಮ್ಮ ಮುದುಕ ಕುದುರೆಯ ಮಂಡಿ ಮಾತ್ರ ಕೈಕೊಟ್ಟಿತು. ಹೋದ ತಿಂಗಳು ಸಾಗಹಾಕಿದರು. ಎಲ್ಲಿಗೆ ಎಂದು ಕೇಳಬೇಡ, ನಾನೂ ಕೇಳಲಿಲ್ಲ.

ಈಗ ಹೊಸ ಕುದುರೆ. ಹಗ್ಗ ಹಿಡಿಯುವವಳೂ ಹೊಸಬಳು, ಇನ್ನು ಮೇಲೆ ಸ್ವಂತದವರು ಹಿಡಿಯಬಾರದಂತೆ. ಮಕ್ಕಳಿಗೆ ಮಾತು ಬರಿಸಲೆಂದೇ ಇಟ್ಟ ಇಲ್ಲಿಯ ನಿಯಮ ನಿನಗೆ ಗೊತ್ತಲ್ಲ, ಮೇಲೆ ಕೂತ ಮಗು ‘ನಡಿ’ ಅನ್ನುವವರೆಗೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಗುಬ್ಬಿ ಇಪ್ಪತ್ತು ನಿಮಿಷ ಕೂತಳು. ಕುದುರೆ ಬಾಲ ಬೀಸುತ್ತ ನಿಂತೇ ಇತ್ತು.

“ಮಾತು ಬರುತ್ತೆ ಅಂದಿದ್ರಲ್ಲ?” ಅಂದಳು ಹೊಸಬಳು.

“ಹೊಸ ಕುದುರೆ, ಹೆದರ್ಕೊಂಡಿದಾಳೆ” ಅಂದೆ.

ಇಲ್ಲಿಯವರೆಗೆ ಹತ್ತಿಸಿದ ಆರು ಸಲವೂ ಇದೇ ಕತೆ.

ಈಗ ಎಷ್ಟು ಮಾತು ಆಡುತ್ತಾಳೆ ಎಂದು ಪ್ರತಿ ಕಾಗದದಲ್ಲೂ ಕೇಳಿದ್ದೀಯ. ಮಾತು ಬಂತಲ್ಲ ಎಂಬ ಖುಷಿಯಲ್ಲಿ, ಮಾತು ಕಲಿಸುವ ಶಾಲೆಯಲ್ಲಿ ಸಿಕ್ಕ ಸೀಟನ್ನೇ ಬಿಟ್ಟುಕೊಟ್ಟೆಯಲ್ಲ, ಮೊನ್ನೆ ಅಲ್ಲಿಗೆ ಹೋಗಿ ಹೆಡ್‌ಮೇಡಂ ಮುಂದೆ ಅಂಗಲಾಚಿದೆ. “ಎಂಟು ತುಂಬಿದ ಮೇಲೆ ತಗೊಳ್ಳಲ್ಲಮ್ಮ. ಆ ಜಾಗಕ್ಕೆ ಬೇರೆ ಮಗು ಬಂದಾಯ್ತು” ಅಂದರು. ಇನ್ನು ಆ ಬಾಗಿಲು ತೆರೆಯುವುದಿಲ್ಲ ಅಕ್ಕಾ.

ಹರಸು ಎಂದು ಕೇಳಲು ನನಗೆ ಬಾಯಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನಾದರೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ

ತಾ.ಕ.: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದೆ. ಗುಬ್ಬಿ ಯಾವತ್ತೂ ‘ನಡಿ’ ಅನ್ನಲಿಲ್ಲ. ಮಾತು ಬಂತು ಅಂದೆನಲ್ಲ, ಅವತ್ತು ಮುದುಕ ಕುದುರೆಯ ಮೇಲೆ ಕೂತು ಬಾಯಿ ತೆರೆದು ತೆರೆದು ಸೋತಿದ್ದಳು. ನನ್ನಿಂದ ನೋಡಲಾಗಲಿಲ್ಲ. ಹಗ್ಗ ಹಿಡಿದಿದ್ದ ನಾನೇ ನಾಲಿಗೆಯಲ್ಲಿ ಮೆಲ್ಲಗೆ ‘ಟಕ್’ ಅಂದೆ. ಮುದುಕ ನಡೆದ, ಅವಳು ನಕ್ಕಳು. “ಅವಳೇ ಅಂದ್ಲು!” ಎಂದು ಎಲ್ಲರಿಗೂ ಹೇಳಿದೆ, ನಿನಗೂ ಬರೆದೆ. ಆಮೇಲೆ ಪ್ರತಿ ಸಲವೂ ಟಕ್. ಎಲುಬಿಲ್ಲದ ನಾಲಿಗೆ ಅಂತ ಅಮ್ಮ ನನ್ನನ್ನು ಸುಮ್ಮನೆ ಬಯ್ಯುತ್ತಿರಲಿಲ್ಲ.

ಅವಳು ಕಲಿತದ್ದು ಅದೊಂದೇ. ಹೊಸ ಕುದುರೆಗೂ ಅದನ್ನೇ ಹೇಳಿದಳು, ಅದಕ್ಕೆ ತಿಳಿಯಲಿಲ್ಲ. ನಿನ್ನೆ ಕುರ್ಚಿಯನ್ನು ನಿನ್ನ ಫೋಟೋ ಎದುರು ನಿಲ್ಲಿಸಿದ್ದೆ. ‘ಟಕ್’ ಅಂದಳು. ಕಾದಳು. ಮತ್ತೆ ‘ಟಕ್’ ಅಂದಳು. ನೀನು ಅಲ್ಲಾಡಲಿಲ್ಲ. ಆಗ ನನ್ನ ಬಾಯಿಯನ್ನೇ ನೋಡುತ್ತ ಕೂತಳು.