ಇವತ್ತು ಸ್ಕೂಟರ್ ನಿನಗೆ

ಅಮ್ಮಾ,

ನಾನು ಡ್ಯೂಟಿಗೆ ಬಸ್ಸಲ್ಲಿ ಹೋಗ್ತಿದ್ದೀನಿ. ಸ್ಕೂಟರ್ ಕೀ ನಿನ್ನ ಹೊಲಿಗೆ ಮಿಷಿನ್ ಮೇಲಿದೆ. ಹೊಲಿದಿಟ್ಟ ಯೂನಿಫಾರಂ ಇವತ್ತು ನೀನೇ ಅಂಗಡಿಗೆ ಕೊಟ್ಟು ಬಾ.

ಮಾವ ಈ ಸ್ಕೂಟರನ್ನ ಆಟದ ಸಾಮಾನು ಅಂತ ನಗ್ಲಿ ಬಿಡು. ಷೋರೂಮಿನ ಗಾಡಿಗಳನ್ನೆಲ್ಲ ಓಡಿಸಿ ನೋಡೇ ನಾನು ಇದನ್ನ ಆರಿಸಿದ್ದು. ಕೂತರೆ ನಿನ್ನ ಎರಡೂ ಪಾದ ನೆಲಕ್ಕೆ ತಾಗುತ್ತೆ, ಸ್ಟ್ಯಾಂಡ್ ಹಾಕೋಕೆ ಯಾರನ್ನೂ ಕರೀಬೇಕಿಲ್ಲ, ಗಾಬರಿಯಲ್ಲಿ ಆಕ್ಸಿಲರೇಟರ್ ತಿರುವಿದ್ರೂ ಚಂಗನೆ ಹಾರಲ್ಲ. ಕಲಿಯೋರಿಗೆ ಇನ್ನೇನು ಬೇಕು? ಕನ್ನಡಿ ಮಾತ್ರ ಚಿಕ್ಕದು, ತಿರುಗೋವಾಗ ಕತ್ತು ಹೊರಳಿಸಿ ನೋಡು.

ಮೊದಮೊದಲು ಹೆದರಿದಾಗೆಲ್ಲ ನೀನು, ಹೊಲಿಗೆ ಮಿಷಿನ್ ನಿಲ್ಲಿಸೋಕೆ ಪೆಡಲಿನಿಂದ ಎತ್ತೋ ಹಾಗೆ, ಕಾಲೆತ್ತಿಬಿಡ್ತಿದ್ದೆ. ಬ್ರೇಕ್ ಕೈಯಲ್ಲಿದೆ ಅಂತ ಕಿರುಚಿ ಕಿರುಚಿ ನನ್ನ ಗಂಟಲೇ ಕಟ್ಟಿತ್ತು. ನಿನ್ನೆ ಚೆಂಡು ಅಡ್ಡ ಬಂತಲ್ಲ, ಆಗ ನಿನ್ನ ಕಾಲು ಅಲ್ಲಾಡಲೇ ಇಲ್ಲ. ಮೆತ್ತಗೆ ಬ್ರೇಕ್ ಹಿಡಿದು ನಿಲ್ಲಿಸಿದೆ. ಹಿಂದೆ ಕೂತಿದ್ದ ನಾನು ಬಾಯಿ ತೆರೆಯೋ ಪ್ರಮೇಯವೇ ಬರಲಿಲ್ಲ. ಆಗಲೇ ಹೇಳಿದ್ರೆ ಉಬ್ಬಿ ಹೋಗ್ತೀಯ ಅಂತ ಸುಮ್ಮನಿದ್ದೆ.

ಹೆಲ್ಮೆಟ್ ಪಟ್ಟಿ ಬಿಗಿ ಮಾಡ್ಕೋ. ನನ್ನದನ್ನೂ ತಗೊಂಡು ಬಾ. ಸಂಜೆ ಆಸ್ಪತ್ರೆ ಗೇಟಿನ ಹತ್ತಿರ ಕಾಯ್ತಿರ್ತೀನಿ. ಜೊತೆಯ ನರ್ಸುಗಳಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟಿದ್ದೀನಿ, ಇವತ್ತು ನನ್ನನ್ನ ಕರ್ಕೊಂಡು ಹೋಗೋಕೆ ನಮ್ಮಮ್ಮ ಬರ್ತಾಳೆ ಅಂತ.