ಹದಿನೇಳನೇ ಹೋಲಿನ ಐದನೇ ಹೊಡೆತ

ಹೊಸಕೋಟೆ ಕೆರೆದಂಡೆ, ನಾಲ್ಕನೇ ಸಾಲು
ನೆರಳುಮಾಸದ ಮೂವತ್ತೆಂಟನೆಯ ದಿನ, 2224

ಜಯಶೀಲಾ ಅಜ್ಜಿಯವರಿಗೆ ನೀಲಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ನಲವತ್ತು ದಿನಗಳ ಒಂಬತ್ತು ತಿಂಗಳು. ಉಳಿದ ಐದು ದಿನಗಳಿಗೆ ಹೆಸರಿಲ್ಲ, ಆಗ ಯಾರೂ ಕೆಲಸ ಮಾಡುವುದಿಲ್ಲ. ನನಗೀಗ ಅರವತ್ತೊಂದು. ಈ ಪತ್ರ ನಿಮ್ಮ ಕೈಸೇರುವಾಗ ನಿಮಗೆ ಇಪ್ಪತ್ತನಾಲ್ಕು. ನನ್ನ ಮಗಳಿಗಿಂತ ಚಿಕ್ಕವರನ್ನು ಅಜ್ಜಿ ಎಂದು ಕರೆಯುವುದು ನನಗೂ ವಿಚಿತ್ರವೇ, ಆದರೆ ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಬೇರೆ ಹೇಗೆ ಕರೆಯಲಿ? ನಿಮ್ಮ ಕಾಲದ ಪುಸ್ತಕಗಳನ್ನು ಓದಿ ನನ್ನ ಕನ್ನಡವನ್ನು ತಕ್ಕಮಟ್ಟಿಗೆ ತಿದ್ದಿಕೊಂಡಿದ್ದೇನೆ. ಆದರೂ ಅಲ್ಲಲ್ಲಿ ನಿಮಗೆ ತಿಳಿಯದ ಮಾತು ಬಂದರೆ ಕ್ಷಮಿಸಿ, ಜೊತೆಯಲ್ಲೇ ಅರ್ಥ ಹೇಳುತ್ತಾ ಹೋಗುತ್ತೇನೆ.

ಇದು ಹಿಂದೋಲೆ. ಕಳೆದುಹೋದ ಕಾಲಕ್ಕೆ ಕಳಿಸುವ ಪತ್ರಕ್ಕೆ ನಾವು ಹಾಗೆನ್ನುತ್ತೇವೆ. ಒಬ್ಬ ನಾಗರಿಕನಿಗೆ ಜೀವಮಾನದಲ್ಲಿ ಒಂದೇ. ಹೆಚ್ಚಿನವರು ಅದನ್ನು ಸತ್ತ ತಾಯಿಗೋ ಮದುವೆಗೆ ಮುಂಚಿನ ತಮಗೋ ಬರೆದು ಮುಗಿಸುತ್ತಾರೆ. ಹೇಳಿದ ದಿನಕ್ಕೆ ಸರಿಯಾಗಿ ಮುಟ್ಟುತ್ತದೆ ಎಂಬ ಖಾತ್ರಿಯಿಲ್ಲ, ಒಂದೆರಡು ವಾರ ಆಚೀಚೆ ಆಗಬಹುದಂತೆ. ಮುಟ್ಟುತ್ತದೆ ಎನ್ನುವುದೂ ಕಳಿಸುವ ಕಚೇರಿಯವರ ಮಾತು, ಕಣ್ಣಾರೆ ಕಂಡವರು ಯಾರೂ ಇಲ್ಲ. ನಾನು ಆ ಕಚೇರಿಯನ್ನೂ ಪೂರ್ತಿ ನಂಬುವುದಿಲ್ಲ. ಆದರೂ ನನ್ನ ಪಾಲಿನ ಒಂದೇ ಓಲೆಯನ್ನು ನಿಮಗೆ ಬರೆಯುತ್ತಿದ್ದೇನೆ. ಕಾರಣ ನಿಮ್ಮ ಗೆಳತಿ ಮಖಾಮ್.

ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಮಂಜುಬಲೆ ಹೆಣೆಯುವ ಹೆಂಗಸೊಬ್ಬಳಿದ್ದಾಳೆ. ಮಂಜುಬಲೆಯೆಂದರೆ ಬೆಳಗಿನ ಇಬ್ಬನಿಯನ್ನು ಹಿಡಿದು ಕೊಡಕ್ಕೆ ಇಳಿಸುವ ದಟ್ಟ ಬಲೆ. ಪ್ರತಿ ಮನೆಯ ಮಾಳಿಗೆಯ ಮೇಲೂ ಒಂದಿದೆ, ಅದು ಹರಿದರೆ ಅವತ್ತಿನ ಅನ್ನಕ್ಕೆ ನೀರಿಲ್ಲ. ಅವಳ ಹಿರಿಯರು ಥಾಯ್ಲೆಂಡಿನ ಫೆಚ್ಚಬೂನಿನಿಂದ ಬಂದವರು. ಹನ್ನೆರಡು ವರ್ಷ ಅವಳನ್ನು ನಾವೆಲ್ಲ ಸಾವಿತ್ರಿ ಎಂದೇ ಕರೆಯುತ್ತಿದ್ದೆವು. ಹೋದ ವರ್ಷ ಬಲೆ ರಿಪೇರಿಗೆ ಬಂದಾಗ ಅವಳು ಹೊದ್ದಿದ್ದ ಬಟ್ಟೆಯ ಮೂಲೆಯಲ್ಲಿ ಬೇರೆ ಹೆಸರಿನ ಕಸೂತಿ ಕಂಡು, ಇದ್ಯಾರದಮ್ಮ ಎಂದು ಕೇಳಿದೆ.

"ನಂದೇ ಅಕ್ಕ. ಮನೇಲಿ ನನ್ನ ಮಖಾಮ್ ಅಂತಾರೆ. ಹುಣಸೇಹಣ್ಣು ಅಂತ ಅರ್ಥ. ನೀರಿನ ಸಾಲಲ್ಲಿ ಆ ಹೆಸರು ಹೇಳಿದ್ರೆ ಹಿಂದಿನವರು ಕೊಡ ಮುಚ್ಕೊತಾರೆ. ಸಾವಿತ್ರಿ ಅಂತಲೇ ಕರೀರಿ."

ಕೊಡ ಯಾಕೆ ಮುಚ್ಚಿಕೊಳ್ಳುತ್ತಾರೆ ಎಂದು ನಿಮಗೆ ಗೊತ್ತಿಲ್ಲ. ನಮ್ಮ ಕಾಲದ ಕನ್ನಡದಲ್ಲಿ 'ಮಖಾಮ್ ಮಾಡುವುದು' ಎಂದರೆ ಮೋಸ ಮಾಡುವುದು. ಗೋಲಿಯಾಟದಲ್ಲಿ ಮಕ್ಕಳು "ಏಯ್, ಮಖಾಮ್ ಮಾಡ್ಬೇಡ್ವೋ" ಎಂದು ಕೂಗುತ್ತವೆ. ಅಳತೆ ತಪ್ಪಿಸುವ ಅಂಗಡಿಯವನು ಮಖಾಮ. ಇದೆಲ್ಲ ಬಂದದ್ದು ನಾಲ್ಕನೇ ತರಗತಿಯ ವಾಚಕದ ಒಂದು ಪಾಠದಿಂದ. ಥಾಯ್ ದೇಶದ ಗಾಲ್ಫ್ ಆಟಗಾರ್ತಿ ಥಿಪಾವನ್ ಸೀಲಾಖಾಮ್, ಮನೆಯ ಹೆಸರು ಮಖಾಮ್, ದೊಡ್ಡ ಪಂದ್ಯದ ಕೊನೆಯ ದಿನ ತನ್ನದೊಂದು ಹೊಡೆತವನ್ನು ಮುಚ್ಚಿಟ್ಟು ಸಿಕ್ಕಿಬಿದ್ದಳು, ಹೆಸರು ಕಳೆದುಕೊಂಡಳು, ಮಕ್ಕಳೇ, ನೀವು ಹಾಗಾಗಬೇಡಿ. ಅಷ್ಟೇ ಪಾಠ. ಗಾಲ್ಫ್ ಎಂದರೇನೆಂದು ಓದುವ ಮಕ್ಕಳಿಗೂ ಗೊತ್ತಿಲ್ಲ, ಓದಿಸುವವರಿಗೂ ಗೊತ್ತಿಲ್ಲ. ಅಷ್ಟು ನೀರು ಕುಡಿಯುವ ಹುಲ್ಲು ಬೆಳೆಸುವುದನ್ನು ನಾವು ನಿಲ್ಲಿಸಿ ತೊಂಬತ್ತು ವರ್ಷವಾಯಿತು. ನಿಮ್ಮ ತಂದೆ ಕ್ಯಾಡಿಯಾಗಿ ಬೇರೆಯವರ ಚೀಲ ಹೊತ್ತ ಬೆಂಗಳೂರಿನ ಆ ಮೈದಾನದಲ್ಲಿ ಈಗ ನವಣೆ ಬೆಳೆಯುತ್ತಾರೆ.

ಆ ಪಾಠವನ್ನು ನಾನು ಚಿಕ್ಕಂದಿನಿಂದಲೂ ನಂಬಿಲ್ಲ. ಕಾರಣ ಕೇಳಿ. ನಮ್ಮಲ್ಲಿ ವಾರ್ಡಿಗೊಂದು ನೆನಪುಮನೆ ಇದೆ. ಹಳೆಯ ಕಾಲದ ದಾಖಲೆಗಳೆಲ್ಲ ಅಲ್ಲಿರುತ್ತವೆ. ಒಂದೇ ಘಟನೆಗೆ ನಾಲ್ಕು ರೀತಿಯ ವರದಿಗಳಿದ್ದರೆ ಅಲ್ಲಿನ ಅಧಿಕಾರಿಗಳು ಕೂತು ಒಂದನ್ನು ಆರಿಸಿ ಅದಕ್ಕೆ ಒಪ್ಪುಕಥೆ ಎಂಬ ಮುದ್ರೆ ಒತ್ತುತ್ತಾರೆ. ಮಿಕ್ಕಿದ್ದನ್ನು ಕೆಳಗಿನ ಕೋಣೆಗೆ ಇಳಿಸುತ್ತಾರೆ. ಜಗಳಗಳು ಕಡಿಮೆಯಾಗಲಿ ಎಂದು ಮಾಡಿದ ವ್ಯವಸ್ಥೆಯಂತೆ. ನನಗೆ ಒಂದು ಕಥೆ ಅತಿಯಾಗಿ ನುಣುಪಾಗಿದ್ದರೆ ಸಂಶಯ ಬರುತ್ತದೆ, ಯಾರೋ ಉಜ್ಜಿರಬೇಕು ಎನ್ನಿಸುತ್ತದೆ. ಮೂವತ್ತು ವರ್ಷ ಅರ್ಜಿಗಳ ಮೇಲೆ ಅರ್ಜಿ ಹಾಕಿ ಆ ಕೆಳಗಿನ ಕೋಣೆಯಲ್ಲಿ ನಿಮ್ಮ ಗೆಳತಿಯ ಬಗ್ಗೆ ಇದ್ದದ್ದನ್ನೆಲ್ಲ ಓದಿದೆ. ಓದಿದ್ದನ್ನು ಹೇಳುತ್ತೇನೆ, ಅವಳನ್ನು ಕಂಡವರು ನೀವು, ತಪ್ಪಿದ್ದರೆ ತಿದ್ದಿಕೊಳ್ಳಿ.

ಅವಳ ತಂದೆ ಫೆಚ್ಚಬೂನಿನ ಹೆದ್ದಾರಿ ಪಕ್ಕದ ಗಾಲ್ಫ್ ಅಭ್ಯಾಸದ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದರು, ತಾಯಿ ಅದರ ಗೇಟಿನಲ್ಲಿ ಸುಟ್ಟ ಕೋಳಿ ಮಾರುತ್ತಿದ್ದರು. ಯಾರೋ ಬಿಸಾಕಿದ ಗಾಲ್ಫ್ ಕೋಲನ್ನು ತಂದೆ ಗರಗಸದಿಂದ ಕೊಯ್ದು ಮಗಳ ಎತ್ತರಕ್ಕೆ ಮಾಡಿಕೊಟ್ಟರು. ಒಂಬತ್ತನೇ ವಯಸ್ಸಿಗೆ ಅವಳ ಚೆಂಡು ಕೊಳವನ್ನು ದಾಟಿ ಆಚೆಯ ಹಲಗೆಗೆ ಬಡಿಯುತ್ತಿತ್ತು. ಹದಿನಾರಕ್ಕೆ ವೃತ್ತಿ ಆಟಗಾರ್ತಿಯಾದಳು. ಪ್ರತಿ ಪಂದ್ಯದ ಮೊದಲ ಹೊಡೆತಕ್ಕೆ ಮುಂಚೆ ಹುಲ್ಲು ಕತ್ತರಿಸುವವರ ಕಡೆ ತಿರುಗಿ ಕೈಮುಗಿಯುತ್ತಿದ್ದಳು. ಅದನ್ನು ಆಡಿಕೊಂಡವರೂ ಇದ್ದರು. ಹತ್ತೊಂಬತ್ತಕ್ಕೆ ಮೊದಲ ಪ್ರಶಸ್ತಿ ಕೈಗೆ ಬರಲಿತ್ತು. ಮರದ ಹಿಂದೆ ಯಾರಿಗೂ ಕಾಣದ ಜಾಗದಲ್ಲಿ ಅವಳ ಚೆಂಡು ಅಲುಗಿತು. ಅವಳೇ ಹೋಗಿ ಅಧಿಕಾರಿಗೆ ಹೇಳಿ ತನ್ನ ಮೇಲೆ ದಂಡದ ಹೊಡೆತ ಹಾಕಿಸಿಕೊಂಡು, ಅದೇ ಒಂದು ಹೊಡೆತದಿಂದ ಸೋತಳು. ಹತ್ತೊಂಬತ್ತರಲ್ಲಿ ಹಾಗೆ ಮಾಡಿದವಳು ಇಪ್ಪತ್ತನಾಲ್ಕರಲ್ಲಿ ಹೊಡೆತ ಮುಚ್ಚಿಡುತ್ತಾಳೆಯೇ? ನೆನಪುಮನೆಯವರು ಏನನ್ನೋ ನುಂಗಿದ್ದಾರೆ ಎಂದು ನಾನು ಸಭೆಸಭೆಗಳಲ್ಲಿ ಕೂಗಿದೆ. ನಮ್ಮ ವಾರ್ಡಿನವರು ನನಗೆ ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ನೀವು ಅವಳ ಜೊತೆ ಆಡಿದವರೆಂಬ ಹೆಮ್ಮೆ ನಮ್ಮ ಮನೆಯಲ್ಲಿ ಹಾಗೇ ಇದೆ. ನಿಮ್ಮ ಗಾಲ್ಫ್ ಚೀಲವನ್ನು ಇನ್ನೂರು ವರ್ಷದಿಂದ ಹಬ್ಬದ ದಿನ ಒರೆಸಿ ಕುಂಕುಮ ಇಡುತ್ತೇವೆ. ಜೇಬುಗಳಿಗೆ ಕೈ ಹಾಕುವ ಪದ್ಧತಿಯಿಲ್ಲ. ಸಾವಿತ್ರಿ ತನ್ನ ನಿಜವಾದ ಹೆಸರು ಹೇಳಿದ ವಾರ ನಾನು ಕೈ ಹಾಕಿದೆ. ಒಳಜೇಬಿನಲ್ಲಿ ಪ್ಲಾಸ್ಟಿಕ್ ಹೊದಿಕೆಗೆ ಅಂಟಿಕೊಂಡ ಉದ್ದನೆಯ ಕಾಗದದ ಪಟ್ಟಿ ಸಿಕ್ಕಿತು. ನಿಮ್ಮ ಆಟದ ಕ್ರಮವನ್ನು ನಾನು ಓದಿ ತಿಳಿದಿದ್ದೆ: ಹದಿನೆಂಟು ಹೋಲುಗಳಿಗೆ, ಅಂದರೆ ಕುಳಿಗಳಿಗೆ, ಕಡಿಮೆ ಹೊಡೆತಗಳಲ್ಲಿ ಚೆಂಡು ಸೇರಿಸಿದವಳು ಗೆಲ್ಲುತ್ತಾಳೆ, ಒಬ್ಬಳ ಹೊಡೆತಗಳನ್ನು ಜೊತೆಯವಳು ಕಾರ್ಡಿನಲ್ಲಿ ಬರೆಯುತ್ತಾಳೆ, ಆಡಿದವಳು ತನ್ನ ಲೆಕ್ಕವನ್ನು ಪಕ್ಕದ ಪಟ್ಟಿಯಲ್ಲಿ ಗುರುತು ಹಾಕಿಕೊಂಡಿರುತ್ತಾಳೆ, ಕೊನೆಗೆ ಎರಡನ್ನೂ ತಾಳೆ ನೋಡಿ ಇಬ್ಬರೂ ಸಹಿ ಹಾಕುತ್ತಾರೆ. ಇದು ಆ ಕೊನೆಯ ದಿನ ಮಖಾಮ್ ಬರೆದುಕೊಂಡಿದ್ದ ಪಟ್ಟಿ. ಹದಿನೇಳನೇ ಹೋಲಿನ ಚೌಕದಲ್ಲಿ ಐದು ಎಂದಿತ್ತು, ಪಕ್ಕದಲ್ಲಿ ದಂಡದ ಚುಕ್ಕೆ. ಅವಳು ಹೊಡೆತವನ್ನು ಮುಚ್ಚಿಟ್ಟಿರಲಿಲ್ಲ!

ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ನೆನಪುಮನೆಗೆ ಹೋದೆ. ಅಲ್ಲಿನ ಅಧಿಕಾರಿ ಬಸವಲಿಂಗ ನನ್ನ ಅರ್ಜಿಗಳನ್ನು ಓದಿ ಓದಿ ಕನ್ನಡಕ ಹಾಕಿಕೊಂಡ ಮನುಷ್ಯ. ಪಟ್ಟಿಯನ್ನು ಅವನ ಮುಂದೆ ಬಡಿದು, "ಈಗ ಏನಂತೀರಿ? ಇಷ್ಟು ವರ್ಷ ಸುಳ್ಳು ಓದಿಸಿದ್ರಲ್ಲ, ನಾಚಿಕೆ ಆಗಲ್ವಾ?" ಎಂದೆ.

ಅವನು ಜಗಳಕ್ಕೆ ಬರಲಿಲ್ಲ. ಅದೇ ನನಗೆ ಅನುಮಾನ ತರಿಸಿತು. ಒಳಗಿನಿಂದ ಅಸಲು ಕಾರ್ಡನ್ನು ತಂದಿಟ್ಟ. ಹದಿನೇಳರಲ್ಲಿ ನಾಲ್ಕು ಎಂದಿತ್ತು. ಕೆಳಗೆ ಬರೆದವಳ ಸಹಿ: ಜಯಶೀಲಾ.

"ಈ ನಾಲ್ಕು ಯಾರ ಕೈಬರಹ ಅಂತ ನಾನು ಹೇಳ್ಬೇಕಾ ಅಮ್ಮ?" ಎಂದ. ಆಮೇಲೆ ಹೊದಿಕೆಯಿಂದ ಪಟ್ಟಿಯನ್ನು ನಿಧಾನವಾಗಿ ಬಿಡಿಸಿ ತಿರುಗಿಸಿದ. "ಹಿಂದೆ ಏನೋ ಬರ್ದಿದೆಯಲ್ಲ. ನೀವು ನೋಡ್ಲಿಲ್ವಾ?"

ನೋಡಿರಲಿಲ್ಲ. ಊರಿನವರನ್ನೆಲ್ಲ ಸಂಶಯಿಸಿದವಳು ನನ್ನ ಮನೆಯ ಕಾಗದವನ್ನು ತಿರುಗಿಸಿ ನೋಡಿರಲಿಲ್ಲ. ನೀವು ಮುಂದೆಂದೋ ಬರೆಯಲಿರುವ ಆ ಸಾಲುಗಳನ್ನು ನಿಮಗೇ ಒಪ್ಪಿಸುತ್ತಿದ್ದೇನೆ:

"ಹದಿನೇಳರಲ್ಲಿ ಒಣಗಿದ ಎಲೆ ತೆಗೆಯುವಾಗ ಅವಳ ಬಾಲ್ ಅಲುಗಿತು. ಫೈವ್ ಬರಿ ಜಯಾ ಅಂದಳು. ಯಾರೂ ನೋಡಿಲ್ಲ ಕಣೇ ಹುಚ್ಚಿ, ಹೋದ ಸಲದ ಹಾಗೆ ಮತ್ತೆ ಸೋಲ್ತೀಯಾ ಅಂದೆ. ನಕ್ಕು ಮತ್ತೆ ಫೈವ್ ಅಂದಳು. ನಾನು ನಾಲ್ಕು ಬರೆದೆ. ಅವಳು ಓದದೆ ಸಹಿ ಹಾಕಿದಳು. ನಾವು ಓದುವುದಿಲ್ಲವಲ್ಲ. ಹನ್ನೊಂದು ವರ್ಷ ಆದ ಮೇಲೆ ಈ ಪಟ್ಟಿ ಕಳಿಸಿದ್ದಾಳೆ. ಜೊತೆಗೆ ಕಾಗದ ಇಲ್ಲ."

ನೀವಿಬ್ಬರೂ ಒಂದೇ ಕೋಣೆಯಲ್ಲಿ ಉಳಿದು ಪಂದ್ಯದಿಂದ ಪಂದ್ಯಕ್ಕೆ ಅಲೆದ ದಿನಗಳಲ್ಲಿ ಮಾಡಿಕೊಂಡ ಒಪ್ಪಂದ ಅದು ಎಂದು ನಿಮ್ಮ ಒಂದು ಹಳೆಯ ಸಂದರ್ಶನದಲ್ಲಿ ಓದಿದ್ದೇನೆ. ನೀನು ಬರೆದದ್ದನ್ನು ನಾನು ತಾಳೆ ನೋಡುವುದಿಲ್ಲ, ನಾನು ಬರೆದದ್ದನ್ನು ನೀನು ನೋಡಬೇಡ. ಬೇರೆ ಆಟಗಾರ್ತಿಯರು ಬೆರಳಿಟ್ಟು ಒಂದೊಂದೇ ಚೌಕ ಓದುವಾಗ ನೀವಿಬ್ಬರು ನಗುತ್ತಾ ಸಹಿ ಹಾಕಿ ಎದ್ದು ಹೋಗುತ್ತಿದ್ದಿರಿ. ಆ ದಿನವೂ ಹಾಗೇ ಆಯಿತು. ಕ್ಯಾಮೆರಾದಲ್ಲಿ ಎಲೆಯೂ ಕಂಡಿತು, ಚೆಂಡೂ ಕಂಡಿತು. ನಿಯಮ ಸಮಿತಿಯವರು ಕೇಳಿದಾಗ ಅವಳು, "ಸಹಿ ನನ್ನದು" ಎಂದಷ್ಟೇ ಹೇಳಿದಳು. ಅವರು ಅವಳನ್ನು ಅನರ್ಹಗೊಳಿಸಿ ಪ್ರಶಸ್ತಿ ಕಿತ್ತುಕೊಂಡರು. ಐದು ಎಂದು ಬರೆದಿದ್ದರೂ ಒಂದು ಹೊಡೆತದಿಂದ ಅವಳೇ ಗೆಲ್ಲುತ್ತಿದ್ದಳು ಎಂಬುದು ನಿಮಗೆ ಆಮೇಲೆ ತಿಳಿದಿರಬೇಕು. ತಿಳಿದೂ ತಪ್ಪು ಬರೆದವಳೂ ಅನರ್ಹಳು ಎಂಬ ನಿಯಮ ಮಾತ್ರ ನಿಮಗೆ ಮೊದಲೇ ತಿಳಿದಿತ್ತು, ಅದಕ್ಕೇ ಬಾಯಿ ಬಿಡಲಿಲ್ಲ. ನೀವು ಆ ವಾರ ಆರನೇ ಸ್ಥಾನ ಪಡೆದಿರಿ. ಮುಂದಿನ ವರ್ಷದ ಪ್ರವೇಶ ನಿಮಗೆ ಸಿಕ್ಕಿದ್ದು ಅದರಿಂದ. ಅವಳ ಗುಂಪಿನಲ್ಲಿ ಆಡಲು ಯಾರೂ ಒಪ್ಪಲಿಲ್ಲ. ಒಂದು ವರ್ಷ ಒದ್ದಾಡಿ, ಊರಿಗೆ ಮರಳಿ, ಅಪ್ಪ ಹುಲ್ಲು ಕತ್ತರಿಸಿದ ಅದೇ ಅಂಗಳದಲ್ಲಿ ಮಕ್ಕಳಿಗೆ ಆಟ ಕಲಿಸಿದಳು.

ಬಸವಲಿಂಗ ನನ್ನ ಮುಖ ನೋಡಿ ಹೇಳಿದ: "ಒಪ್ಪುಕಥೆ ಬದಲಾಯಿಸ್ಬಹುದು. ಆದರೆ ಮನೆಯವರು ರುಜು ಹಾಕ್ಬೇಕು. ಪಾಠದಲ್ಲಿ ನಿಮ್ಮಜ್ಜಿ ಹೆಸರು ಬರುತ್ತೆ."

ರುಜು ಹಾಕಿದೆ. ಮನೆಯಲ್ಲಿ ದೊಡ್ಡ ಗಲಾಟೆ. "ಯಾರದೋ ಊರಿನ ಹುಣಸೇಹಣ್ಣಿಗೋಸ್ಕರ ನಮ್ಮ ಮನೆ ಹಾಲು ಒಡೆದುಬಿಟ್ಟೆಯಲ್ಲೇ ನೀಲಾ!" ಎಂದು ನನ್ನ ಅಣ್ಣ ಬಾಗಿಲು ಹಾಕಿಕೊಂಡ. ಈ ಹಬ್ಬಕ್ಕೆ ನಿಮ್ಮ ಚೀಲಕ್ಕೆ ಕುಂಕುಮ ಇಡಲು ನಾನೊಬ್ಬಳೇ. ಮುಂದಿನ ವರ್ಷ ಹೊಸ ವಾಚಕ ಬರುತ್ತದೆ. ಸಾವಿತ್ರಿಗೆ ಹೇಳಿದಾಗ ಅವಳು ಬಲೆಯಿಂದ ಕಣ್ಣೆತ್ತದೆ, "ಬರ್ಲಿ ಅಕ್ಕ, ಆಮೇಲೆ ನೋಡೋಣ" ಎಂದಳು. ಅವಳ ಅನುಮಾನ ನನ್ನದಕ್ಕಿಂತ ಹಳೆಯದು.

ಆದರೆ ಹೊಸ ವಾಚಕ ಇಪ್ಪತ್ತನಾಲ್ಕು ವರ್ಷದ ಆ ಹುಡುಗಿಗೆ ತಲುಪುವುದಿಲ್ಲ. ಅಲ್ಲಿಗೆ ಹೋಗಬಲ್ಲವರು ನೀವೊಬ್ಬರೇ. ಪತ್ರ ಪಂದ್ಯಕ್ಕೆ ಮುಂಚೆ ಸಿಕ್ಕರೆ, ಅವಳು ಐದು ಎಂದಾಗ ಐದು ಬರೆಯಿರಿ. ಪಂದ್ಯ ಮುಗಿದ ಮೇಲೆ ಸಿಕ್ಕರೆ, ಸಮಿತಿಯ ಬಾಗಿಲಿಗೆ ಹೋಗಿ, ಅವಳು ಹೇಳಿದ್ದಳು, ನಾನು ಬರೆಯಲಿಲ್ಲ ಎಂದು ಹೇಳಿ. ಅವಳಿಗೆ ಪ್ರಶಸ್ತಿ ವಾಪಸು ಬರಲಿಕ್ಕಿಲ್ಲ, ಅವಳು ಸುಳ್ಳುಗಾತಿಯಲ್ಲ ಎನ್ನುವುದಾದರೂ ಉಳಿಯುತ್ತದೆ. ನಿಮ್ಮ ಮುಂದಿನ ವರ್ಷ ಹೋಗುತ್ತದೆ. ನಮ್ಮ ಮನೆಯ ಹೆಮ್ಮೆಯೂ ಹೋಗುತ್ತದೆ, ಅದಿಲ್ಲದೆ ನಾವು ಬದುಕುತ್ತೇವೆ. ನೀವು ಮಾಡಿದ್ದು ಪ್ರೀತಿಯಿಂದಲೇ ಎಂದು ನಾನು ನಂಬುತ್ತೇನೆ. ಆಮೇಲೆ ಸುಮ್ಮನಿದ್ದದ್ದು ಪ್ರೀತಿಯಿಂದಲ್ಲ.

ನೇರವಾಗಿ ಹೇಳಿಬಿಡುತ್ತೇನೆ, ನನಗೆ ನಿಮ್ಮ ಮೇಲೂ ಅನುಮಾನವಿದೆ. ಇದನ್ನು ಓದಿ, ಮಡಿಸಿ, ಆ ಒಳಜೇಬಿಗೇ ಸೇರಿಸಿಬಿಡುತ್ತೀರೇನೋ ಎಂದು. ಇವತ್ತು ಬೆಳಿಗ್ಗೆ ಕೈ ಹಾಕಿ ನೋಡಿದೆ, ಜೇಬು ಖಾಲಿಯಿತ್ತು. ಇನ್ನೂ ಕಳಿಸಿಲ್ಲವಾದ್ದರಿಂದ ಅದಕ್ಕೆ ಅರ್ಥವಿಲ್ಲ. ನಾಳೆ ಕಚೇರಿಗೆ ಕೊಟ್ಟು ಮನೆಗೆ ಬಂದವಳೇ ಮತ್ತೊಮ್ಮೆ ಕೈ ಹಾಕುತ್ತೇನೆ.

ಆಗ ಅಲ್ಲಿ ನನ್ನ ಕೈಬರಹ ಸಿಗದಿರಲಿ, ಅಜ್ಜಿ.

ನಿಮ್ಮ
ನೀಲಾಂಬಿಕೆ