ಅಮೆರಿಕದ್ದೋ, ಜಪಾನಿನದೋ

ಮಾಮಾ, ನಿಮಗೂ ಮಾಮಿಗೂ ಜಾಕೀರನ ಸಲಾಮ್. ಸೌದಿ ಮುಟ್ಟಿದೆ. ಮಾಲೀಕ ಎರಡು ಲಾರಿ ತೋರಿಸಿ, ಬೇಕಾದ್ದು ಆರಿಸಿಕೋ ಎಂದ. ಅಮೆರಿಕದ್ದು ಭಾರೀ ಗಟ್ಟಿ, ಆದರೆ ಡೀಸೆಲ್ ಕುಡಿಯುತ್ತದೆ. ಜಪಾನಿನದೂ ಬಾಳುತ್ತದಂತೆ, ಮೈಲೇಜು ಚಲೋ. ನಾನು ಜಪಾನಿನದು ಸಾಕೆಂದೆ. ಇಲ್ಲಿ ಡ್ರೈವರಾಗಿರುವ ನಮ್ಮ ರೋಣದ ದಾದಾಪೀರ ನಕ್ಕುಬಿಟ್ಟ: "ಹುಚ್ಚ ಅದಿಯೇನ್ಲೇ? ಇಲ್ಲಿ ಡೀಸೆಲ್‌ಕಿಂತ ಕುಡಿಯೋ ನೀರ ತುಟ್ಟಿ!"

ಹಾಗಾದರೆ ಮೈಲೇಜು ಬಿಟ್ಟು ಲಾರಿ ಚಲೋನೋ ಕೆಟ್ಟದ್ದೋ ಎಂದು ಹೇಗೆ ನೋಡುವುದು? ತಲೆ ಕೆಟ್ಟು ಅಮೆರಿಕದ್ದನ್ನೇ ಹತ್ತಿದೆ. ಮೇಲ್ಸೇತುವೆ ಇಳಿಯುವಾಗ, ಗಜೇಂದ್ರಗಡದ ಘಾಟಿನಲ್ಲಿ ನೀವು ಕಲಿಸಿದಂತೆ, ಡೀಸೆಲ್ ಉಳಿಯಲೆಂದು ಗೇರು ತೆಗೆದು ನ್ಯೂಟ್ರಲ್ ಮಾಡಿದೆ. "ಯಾರ ಸಲುವಾಗಿ ಉಳಸಾಕತ್ತಿಯಲೇ?" ಎಂದ ಪಕ್ಕದಲ್ಲಿ ಕೂತ ದಾದಾಪೀರ. ನಾನು ಮತ್ತೆ ಗೇರು ಹಾಕಿದೆ.

ಮರಳು ಹೊಕ್ಕು ಕಣ್ಣು ಕೆಂಪಾಗಿವೆ, ಅಮ್ಮನಿಗೆ ಹೇಳಬೇಡಿ. ಬರೆದು ಬರೆದು ಅಂಚೆ ಕಾರ್ಡು ತುಂಬಿತು. ಇಳಿಜಾರು ಬಂದರೆ ಕೈ ಇನ್ನೂ ನಿಮ್ಮ ಮಾತನ್ನೇ ಕೇಳುತ್ತದೆ.

ಜಾಕೀರ